ಶೇಕಡಾ ನಲವತ್ತು ಕುರ್ಚಿ ಮಾಂಸ

ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ಕೊಂಬಕ್ಕ ಎಂದೇ ಕರೆಯುತ್ತಿದ್ದರು. ಹೆಸರು ಬಿದ್ದದ್ದು ಒಂದು ಔಷಧಿ ಡಬ್ಬಿಯಿಂದ. ‘ದಿನಕ್ಕೆ ಎರಡು ಗುಳಿಗೆ’ ಎಂದಿರಬೇಕಾದಲ್ಲಿ ಕೊಂಬು ಹಾರಿಹೋಗಿ ‘ದಿನಕ್ಕೆ ಎರಡು ಗಳಿಗೆ’ ಎಂದಾಗಿತ್ತು. ಮಷಿನ್ ಆಗಲೇ ಓಡತೊಡಗಿತ್ತು. ಅವಳು ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು ಓಡಿಬಂದು, ಯಾರನ್ನೂ ಕೇಳದೆ ಕೆಂಪು ಗುಂಡಿ ಒತ್ತಿ ನಿಲ್ಲಿಸಿಬಿಟ್ಟಳು.

“ಏನ್ರೀ, ನಿಮಗೇನು ಕೊಂಬಿದೆಯಾ?” ಎಂದು ಮಷಿನ್ ಮೇಸ್ತ್ರಿ ಗದರಿದ.

“ನನಗಿದೆ. ನಿಮ್ಮ ಗುಳಿಗೆಗೇ ಇಲ್ಲ” ಎಂದಳು.

ಅಂದಿನಿಂದ ಅವಳು ಕೊಂಬಕ್ಕ. ಇಪ್ಪತ್ತಾರು ವರ್ಷದಿಂದ ಅವಳ ಕೆಲಸ ಒಂದೇ: ಸೋಪು, ಶಾಂಪೂ, ಬಿಸ್ಕತ್ತು, ಇಲಿ ಪಾಷಾಣ, ಯಾವುದರ ಲೇಬಲ್ಲೇ ಇರಲಿ, ಅಚ್ಚಿಗೆ ಹೋಗುವ ಮುನ್ನ ಅಕ್ಷರಕ್ಷರ ಓದಿ ತಪ್ಪು ಹುಡುಕುವುದು. ಮೊದಲ ಮಹಡಿಯ ಮೂಲೆಯಲ್ಲಿ ಕಿಟಕಿಗೆ ಬೆನ್ನು ಹಾಕಿದ ಮೇಜು, ಒಂದು ಭೂತಗನ್ನಡಿ, ಮೂರು ಕೆಂಪು ಪೆನ್ನು. ಸಾಸಿವೆ ಕಾಳಿಗಿಂತ ಚಿಕ್ಕ ಅಕ್ಷರವೂ ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ. ಮನೆಯಲ್ಲಿ ಅವಳು ಮತ್ತು ಅವಳ ತಮ್ಮ, ಇಬ್ಬರೇ. ತಮ್ಮ ಲಿಫ್ಟ್ ರಿಪೇರಿಯವನು. ಇಬ್ಬರೂ ಮದುವೆಯ ಗೋಜಿಗೆ ಹೋದವರಲ್ಲ. ಸಂಜೆ ಒಟ್ಟಿಗೆ ಟೀ ಕುಡಿದು, ಒಬ್ಬರ ಕಾಲು ಒಬ್ಬರು ಎಳೆದುಕೊಂಡು ಸುಖವಾಗಿಯೇ ಇದ್ದರು.

ಒಂದು ಬೆಳಿಗ್ಗೆ ಪ್ರೆಸ್ಸಿನ ಕಾಗದದ ಗೋದಾಮಿನಲ್ಲಿ, ಕತ್ತರಿಸಿ ಉಳಿದ ಚೂರುಗಳ ರಾಶಿಯ ಮೇಲೆ, ಒಂದು ನಾಯಿ ಮಲಗಿತ್ತು. ನಾಯಿ ಎನ್ನುವುದೂ ಸ್ವಲ್ಪ ದೊಡ್ಡ ಮಾತೇ. ಎರಡು ಅಂಗೈಯಲ್ಲಿ ಹಿಡಿಸುವಷ್ಟು ಮೈ, ಬಾವಲಿಯಂಥ ಕಿವಿ, ಕೆಳಕ್ಕೆ ಬಾಗಿ ಒಳಮುಖ ತಿರುಗಿದ ಮೋಟು ಬಾಲ. ಎಲ್ಲಿಂದ ಬಂತೋ, ಯಾರದೋ, ವಾರವಾದರೂ ಕೇಳಿಕೊಂಡು ಒಬ್ಬರೂ ಬರಲಿಲ್ಲ. ಅದು ಮಾತ್ರ ಮೊದಲ ದಿನವೇ ಕೊಂಬಕ್ಕನ ಮೇಜಿನ ಕೆಳಗೆ ಬಂದು, ಅವಳ ಕೈಚೀಲದ ಹಿಡಿಯ ಮೇಲೆ ಗದ್ದ ಊರಿ, ಇನ್ನು ಇಲ್ಲಿಂದ ಏಳುವ ಮಾತೇ ಇಲ್ಲ ಎಂಬಂತೆ ನಿದ್ದೆ ಹೋಯಿತು. ಹುಟ್ಟಿದ ಮೇಲೆ ಒಂದು ನಾಯಿಯನ್ನೂ ಮುಟ್ಟಿರದ ಕೊಂಬಕ್ಕ ಸಂಜೆ ಚೀಲವನ್ನು ಎತ್ತಲಾರದೆ ಹತ್ತು ನಿಮಿಷ ನಿಂತಳು. ಕೊನೆಗೆ ಚೀಲದೊಳಗೇ ನಾಯಿಯನ್ನು ಇಟ್ಟುಕೊಂಡು ಮನೆಗೆ ಬಂದಳು.

“ಇದರ ಬಾಲ ನೋಡೋ, ಥೇಟ್ ಅಲ್ಪವಿರಾಮ!” ಎಂದಳು ತಮ್ಮನಿಗೆ. ಅದೇ ಹೆಸರಾಯಿತು. ಕರೆಯುವಾಗ ಅಲ್ಪು.

“ಪೂರ್ಣವಿರಾಮ ಅಂತ ಇಟ್ಟಿದ್ರೆ ಬೊಗಳೋದನ್ನಾದ್ರೂ ನಿಲ್ಲಿಸ್ತಿತ್ತು” ಎಂದ ತಮ್ಮ.

ಮರುದಿನ ಪ್ರಾಣಿಗಳ ಡಾಕ್ಟರಮ್ಮ ಅಲ್ಪುವನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು. ಎರಡು ಕಿಲೋ ಎಂಟುನೂರು ಗ್ರಾಂ. ಪಕ್ಕೆಲುಬು ಎಣಿಸಿ ನೋಡಿ, ಹಲ್ಲು ನೋಡಿ, “ವಯಸ್ಸು ಎರಡಿರಬಹುದು, ಇನ್ನು ಬೆಳೆಯೋದಿಲ್ಲ. ಆದ್ರೆ ಸೊರಗಿದೆ. ಇದರ ಹೊಟ್ಟೆ ಎಷ್ಟಿದೆ ನೋಡಿ, ನಿಂಬೆಹಣ್ಣಿನಷ್ಟು. ಅಷ್ಟರಲ್ಲಿ ಹೋಗೋ ಒಂದೊಂದು ತುತ್ತೂ ಒಳ್ಳೇದಾಗಿರಬೇಕು. ಇದ್ದದ್ದರಲ್ಲಿ ಒಳ್ಳೇ ಆಹಾರ ಹುಡುಕಿ ಹಾಕಿ” ಎಂದರು.

“ಒಳ್ಳೇದು ಅಂತ ಹೇಗೆ ಗೊತ್ತಾಗುತ್ತೆ ಡಾಕ್ಟ್ರೇ?”

“ಪೊಟ್ಟಣದ ಹಿಂದೆ ಬರೆದಿರುತ್ತಲ್ಲ, ಓದಿ. ಯಾರೂ ಓದೋದಿಲ್ಲ.”

ಕೊಂಬಕ್ಕನಿಗೆ ಇದಕ್ಕಿಂತ ಹೆಚ್ಚು ಏನು ಹೇಳಬೇಕು! ಓದಲು ಹೇಳಿದ್ದಾರೆ, ಅದೂ ಚಿಕ್ಕ ಅಕ್ಷರ, ಅದೂ ಲೇಬಲ್ಲು. ಯುದ್ಧಕ್ಕೆ ಹೊರಟವಳಂತೆ ಭೂತಗನ್ನಡಿ, ಕೆಂಪು ಪೆನ್ನು ಚೀಲಕ್ಕೆ ಹಾಕಿ, ಅಲ್ಪುವನ್ನು ಕಂಕುಳಲ್ಲಿ ಇರುಕಿ, ಭಾನುವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ಹಾಜರಾದಳು.

ನಾಯಿ ಬೆಕ್ಕುಗಳ ಅಂಗಡಿ ಅದು. ಒಂದಿಡೀ ಗೋಡೆ ಬರೀ ನಾಯಿಯ ಆಹಾರ. ನೆಲದಿಂದ ಸೂರಿನವರೆಗೆ ಪೊಟ್ಟಣದ ಮೇಲೆ ಪೊಟ್ಟಣ, ಪ್ರತಿಯೊಂದರ ಮೇಲೂ ಹಲ್ಲು ಕಿರಿಯುವ ಒಂದೊಂದು ನಾಯಿ. ಅಂಗಡಿಯವನು ನಾಲಿಗೆ ಚುರುಕಿನ ದಪ್ಪ ಮನುಷ್ಯ. “ಯಾವುದು ಬೇಕಮ್ಮ? ಎಲ್ಲಾ ಒಂದನ್ನೊಂದು ಮೀರಿಸೋ ಮಾಲು” ಎಂದ.

“ಎಲ್ಲಾ ಒಂದನ್ನೊಂದು ಮೀರಿಸೋಕೆ ಹೇಗಾಗುತ್ತೆ? ಯಾವುದಾದ್ರೂ ಒಂದು ಸೋತಿರಲೇಬೇಕಲ್ಲ” ಎಂದು ಕೊಂಬಕ್ಕ ಸ್ಟೂಲು ಎಳೆದುಕೊಂಡು ಮೇಲಿನ ಸಾಲಿನಿಂದಲೇ ಶುರು ಹಚ್ಚಿಕೊಂಡಳು.

ಮೂರನೆಯ ಪೊಟ್ಟಣ ಕೈಗೆ ಬಂದಾಗ ಅವಳ ಕಣ್ಣರಳಿತು. ನೇರಳೆ ಬಣ್ಣ, ಚಿನ್ನದ ಅಂಚು, ದೊಡ್ಡ ಅಕ್ಷರದಲ್ಲಿ ‘ಕೋಳಿಯ ಸೊಗಸಿನೊಂದಿಗೆ’. ಇದು ಅವರದೇ ಪ್ರೆಸ್ಸಿನ ಲೇಬಲ್ಲು! ಎಂಟು ವರ್ಷದಿಂದ ಅವಳೇ ಓದಿ ಸಹಿ ಹಾಕಿ ಕಳಿಸುತ್ತಿದ್ದದ್ದು. ಒಂದು ಒತ್ತಕ್ಷರವೂ ಆಚೀಚೆ ಇಲ್ಲ. ಹೆಮ್ಮೆಯಿಂದಲೇ ಹಿಂದೆ ತಿರುಗಿಸಿ ಓದಿದಳು. ಜೋಳದ ಹಿಟ್ಟು, ಗೋಧಿ ತೌಡು, ಇನ್ನೂ ಒಂದು ತೌಡು, ಬಣ್ಣ, ವಾಸನೆ, ಕಟ್ಟಕಡೆಗೆ ‘ಕೋಳಿ ಅಂಶ: ಶೇಕಡಾ ನಾಲ್ಕು’.

ಅವಳು ಸ್ಟೂಲಿನ ಮೇಲೆಯೇ ಕೂತುಬಿಟ್ಟಳು. ಎಂಟು ವರ್ಷ ಈ ಸಾಲನ್ನು ಓದಿದ್ದಾಳೆ. ಶೇಕಡಾ ಎಂಬುದಕ್ಕೆ ದೀರ್ಘ ಇದೆಯೇ, ನಾಲ್ಕಕ್ಕೆ ಒತ್ತು ಇದೆಯೇ ಎಂದು ನೋಡಿದ್ದಾಳೆಯೇ ಹೊರತು, ನಾಲ್ಕು ಎಂದರೆ ನಾಲ್ಕೇ ಎಂದು ಒಂದು ದಿನವೂ ಹೊಳೆದಿರಲಿಲ್ಲ. ನಾಚಿಕೆಯೂ ಆಯಿತು, ತಡೆಯಲಾರದ ನಗುವೂ ಬಂತು. “ಅಯ್ಯೋ ಅಲ್ಪು, ಇದರೊಳಗೆ ಕೋಳಿ ಹಾದುಹೋಗಿದೆ ಅಷ್ಟೇ ಕಣೋ!” ಎಂದು ಜೋರಾಗಿಯೇ ಅಂದಳು.

ಆಮೇಲೆ ಅವಳನ್ನು ತಡೆಯುವವರೇ ಇರಲಿಲ್ಲ. ಮೊದಲ ಬಾರಿಗೆ ಅಕ್ಷರದ ಬದಲು ಅರ್ಥ ಓದುತ್ತಿದ್ದಾಳೆ, ಅದರ ಅಮಲು ನೆತ್ತಿಗೇರಿತು. ಒಂದೊಂದೇ ಪೊಟ್ಟಣ ಇಳಿಸಿ ಗಟ್ಟಿಯಾಗಿ ಓದತೊಡಗಿದಳು. ನಾಯಿ ಕರೆತಂದವರು, ಬೆಕ್ಕು ಹೊತ್ತವರು, ಮೀನಿನ ತೊಟ್ಟಿ ಕೊಳ್ಳಲು ಬಂದವರು, ಎಲ್ಲರೂ ಸುತ್ತ ನೆರೆದರು. “ನಮ್ಮದು ಓದಿ, ನಮ್ಮದು ಓದಿ” ಎಂದು ತಾವು ಕೊಳ್ಳುವ ಪೊಟ್ಟಣ ಹಿಡಿದು ಕ್ಯೂ ನಿಂತರು. ಅಂಗಡಿಯವನು ಮೊದಲು ಮುಖ ಗಂಟು ಹಾಕಿಕೊಂಡ. ಆದರೆ ಜನ ಹೋಗುವಾಗ ಬರಿಗೈಯಲ್ಲಿ ಹೋಗುತ್ತಿರಲಿಲ್ಲ, ಒಳ್ಳೆಯದನ್ನೇ ಕೇಳಿ ಕೊಂಡುಹೋಗುತ್ತಿದ್ದರು. ಅದನ್ನು ಕಂಡವನೇ ಅವಳಿಗೊಂದು ಕುರ್ಚಿ ತಂದು ಹಾಕಿ, ಟೀ ತರಿಸಿದ.

ಅಷ್ಟು ಹೊತ್ತೂ ಅಲ್ಪು ಕೆಳಗಿನ ಸಾಲಿನ ಮೂಲೆಗೆ ಮೂಗು ತುರುಕಿಕೊಂಡು ನಿಂತಿತ್ತು. ಅಲ್ಲಿ ಕಂದು ಕಾಗದದ ನಾಲ್ಕು ಪೊಟ್ಟಣ ದೂಳು ಹಿಡಿದು ಕೂತಿದ್ದವು. ಚಿತ್ರವಿಲ್ಲ, ಬಣ್ಣವಿಲ್ಲ, ಹಿಂದೆ ಅಂಟಿಸಿದ ಒಂದು ಚೀಟಿ ಅಷ್ಟೇ. ಕೊಂಬಕ್ಕ ಎತ್ತಿ ಓದಿದಳು. ‘ಕುರ್ಚಿ ಮಾಂಸ ಶೇಕಡಾ ನಲವತ್ತು. ಹಕ್ಕಿ ಹಿಟ್ಟು. ಕುಂಬಳಕಾಯಿ. ನಾಯಿಮರಗಳಿಗೂ ಕೊಡಬಹುದು. ದೇವನಿಲ್ಲದ ಜಾಗದಲ್ಲಿ ಇಡಿ.’

“ಕುರಿ ಕುರ್ಚಿಯಾಗಿದೆ, ಅಕ್ಕಿ ಹಕ್ಕಿಯಾಗಿದೆ, ತೇವ ಹೋಗಿ ದೇವ ಬಂದಿದೆ!” ಕೊಂಬಕ್ಕನಿಗೆ ಮೈ ಉರಿದುಹೋಯಿತು. ಉಳಿದ ಸಾಲುಗಳದ್ದೂ ಸೇರಿ ಅಂಗೈಯಗಲದ ಚೀಟಿಯಲ್ಲಿ ಏಳು ತಪ್ಪು. “ಬರೆಯೋದರಲ್ಲೇ ಇಷ್ಟು ಅಸಡ್ಡೆ ಇದ್ದವರು ಅಡಿಗೆ ಹೇಗೆ ಮಾಡಿರ್ತಾರೆ?” ಎಂದು ಕಡ್ಡಿ ಮುರಿದಂತೆ ಹೇಳಿ ಪೊಟ್ಟಣ ವಾಪಸಿಟ್ಟು, ಜಗ್ಗುತ್ತಿದ್ದ ಅಲ್ಪುವನ್ನು ಎತ್ತಿಕೊಂಡಳು. ಎಲ್ಲ ಓದಿ, ತೂಗಿ ನೋಡಿ ಅವಳು ಆರಿಸಿದ್ದು ಹಸಿರು ಪೊಟ್ಟಣದ ಒಂದು ಆಹಾರ: ಬಾತುಕೋಳಿ ಶೇಕಡಾ ಮೂವತ್ತು, ತೌಡಿಲ್ಲ, ಬಣ್ಣವಿಲ್ಲ, ಅಕ್ಷರದೋಷ ಎಳ್ಳಷ್ಟೂ ಇಲ್ಲ.

ಮನೆಗೆ ಬಂದು ಬಟ್ಟಲಿಗೆ ಹಾಕಿದಳು. ಅಲ್ಪು ಒಂದು ಕಾಳನ್ನು ಬಾಯಲ್ಲಿ ಕಚ್ಚಿಕೊಂಡು ಒಳಗೆ ಹೋಯಿತು. ಮತ್ತೆ ಬಂತು, ಇನ್ನೊಂದು ಕಚ್ಚಿಕೊಂಡು ಹೋಯಿತು. ಅರ್ಧ ಗಂಟೆಯಲ್ಲಿ ಬಟ್ಟಲು ಖಾಲಿ.

“ನೋಡಿದ್ಯಾ, ಒಂದು ಕಾಳೂ ಬಿಟ್ಟಿಲ್ಲ!” ಎಂದು ಕೊಂಬಕ್ಕ ಬೀಗಿದಳು. ಎರಡನೆಯ ದಿನವೂ ಹಾಗೆಯೇ, ಮೂರನೆಯ ದಿನವೂ ಹಾಗೆಯೇ. ಆದರೆ ಅನ್ನದ ತಟ್ಟೆ ಕಂಡರೆ ಅಲ್ಪು ಮೂರು ದಿನ ಉಪವಾಸವಿದ್ದವರಂತೆ ಹಾರುತ್ತಿತ್ತು. ಇದೇಕೆ ಎಂದು ಅವಳಿಗೆ ತಿಳಿಯಲಿಲ್ಲ.

ತಿಳಿದದ್ದು ಬುಧವಾರ, ಹನ್ನೆರಡು ಅಂತಸ್ತಿನ ಒಂದು ಕಚೇರಿಯಲ್ಲಿ. ತಮ್ಮ ಅಲ್ಲಿ ಕೆಟ್ಟು ನಿಂತ ಲಿಫ್ಟಿನ ನೆತ್ತಿಯ ಮೇಲೆ ಕೂತು ರಿಪೇರಿ ಮಾಡುತ್ತಿದ್ದ. ಒಳಗೆ ಆರು ಜನ ಸಿಕ್ಕಿಕೊಂಡಿದ್ದರು, ಅವರಲ್ಲಿ ಕಚೇರಿಯ ದೊಡ್ಡ ಸಾಹೇಬರೂ ಒಬ್ಬರು. “ಇನ್ನೇನು ಆಯ್ತು ಸಾರ್, ಒಂದು ಸ್ಕ್ರೂ ಬಾಕಿ” ಎನ್ನುತ್ತ ತಮ್ಮ ತನ್ನ ಸಾಮಾನಿನ ಚೀಲವನ್ನು ಬೋರಲು ಹಾಕಿ ಕೊಡವಿದ. ಸ್ಕ್ರೂ ಬೀಳಲಿಲ್ಲ. ನೂರಿನ್ನೂರು ಕಾಳುಗಳು ದಬದಬ ಸುರಿದು, ಫ್ಯಾನಿನ ಕಿಂಡಿಯಿಂದ ನೇರ ಸಾಹೇಬರ ಬೊಕ್ಕತಲೆಯ ಮೇಲೆ ಮಳೆಗರೆದವು.

“ಲಿಫ್ಟ್ ಉದುರ್ತಾ ಇದೆ!” ಎಂದು ಒಳಗಿದ್ದವರೊಬ್ಬರು ಕಿರುಚಿದರು.

“ಉದುರ್ತಿರೋದು ಲಿಫ್ಟಲ್ಲ ಸಾರ್, ಬಾತುಕೋಳಿ! ಗಾಬರಿ ಬೇಡ!” ಎಂದು ತಮ್ಮ ಮೇಲಿನಿಂದ ಕೂಗಿದ. ಆ ಉತ್ತರ ಕೇಳಿ ಗಾಬರಿ ಇಮ್ಮಡಿಯಾಯಿತೇ ಹೊರತು ಕಡಿಮೆಯಾಗಲಿಲ್ಲ.

ಸಂಜೆ ಈ ಕತೆ ಹೇಳುವಷ್ಟರಲ್ಲಿ ತಮ್ಮನಿಗೆ ನಗುವಿಗೆ ಬಿಕ್ಕಳಿಕೆ ಹತ್ತಿತು. ಅಕ್ಕ ತಮ್ಮ ಇಬ್ಬರೂ ಮನೆಯೆಲ್ಲ ಜಾಲಾಡಿದರು. ಶೂಗಳೊಳಗೆ, ದಿಂಬಿನ ಕೆಳಗೆ, ಹೂಕುಂಡದ ಮಣ್ಣಿನಲ್ಲಿ, ರೇಡಿಯೋದ ಹಿಂದೆ, ಎಲ್ಲೆಲ್ಲೂ ಹಸಿರು ಪೊಟ್ಟಣದ ಕಾಳು. ಒಂದನ್ನೂ ತಿಂದಿರಲಿಲ್ಲ. ಕೊಂಬಕ್ಕ ಒಂದು ಕಾಳನ್ನು ಅಲ್ಪುವಿನ ಮೂತಿಯ ಪಕ್ಕ ಹಿಡಿದು ನೋಡಿದಳು. ಕಾಳು ಅದರ ದವಡೆಗಿಂತ ಅಗಲವಾಗಿತ್ತು.

“ಛೇ! ಹಿಂದೆ ಬರೆದದ್ದೆಲ್ಲಾ ಓದಿದೆ, ಮುಂದಿರೋ ಬಾಯಿ ನೋಡಲಿಲ್ಲ” ಎಂದು ಹಣೆ ಚಚ್ಚಿಕೊಂಡಳು.

ಮುಂದಿನ ಭಾನುವಾರ ಭೂತಗನ್ನಡಿಯ ಜೊತೆಗೆ ಪ್ರೆಸ್ಸಿನ ಉಕ್ಕಿನ ಅಳತೆಪಟ್ಟಿಯೂ ಅಂಗಡಿಗೆ ಬಂತು. ಅಂಗಡಿಯವನು “ಬನ್ನಿ ಬನ್ನಿ, ಹೋದ ವಾರದಿಂದ ಜನ ನಿಮ್ಮನ್ನೇ ಕೇಳ್ತಿದ್ದಾರೆ” ಎಂದು ಕುರ್ಚಿ ಒರೆಸಿದ. ಅವಳು ಗಾಜಿನ ಡಬ್ಬಿಗಳಲ್ಲಿದ್ದ ಮಾದರಿಗಳನ್ನು ತೆಗೆಸಿ ಕಾಳಿನ ಅಗಲ ಅಳೆಯುವುದರಲ್ಲಿ ಮುಳುಗಿದಳು. ಹಿಂದಿನಿಂದ ‘ಪರ್ರ್’ ಎಂದು ಸದ್ದಾಯಿತು. ತಿರುಗಿ ನೋಡಿದರೆ ಅಲ್ಪು ಕಂದು ಪೊಟ್ಟಣದ ಮೂಲೆ ಹರಿದು, ತಲೆಯನ್ನು ಕಿವಿಯವರೆಗೆ ಒಳಗೆ ತೂರಿಸಿ, ಕಟುಂ ಕುಟುಂ ಎಂದು ತಿನ್ನುತ್ತಿದೆ! ಬಾಗಿದ ಬಾಲ ನಿಂತಲ್ಲಿ ನಿಲ್ಲದೆ ಬೀಸಣಿಗೆಯಂತೆ ಆಡುತ್ತಿದೆ.

“ಬಿಡೋ, ಬಿಡೋ! ಏಳು ತಪ್ಪಿದೆ ಅದರಲ್ಲಿ!” ಎಂದು ಕೊಂಬಕ್ಕ ಎಳೆದಳು. ಜಪ್ಪಯ್ಯ ಅಂದರೂ ಬಿಡಲಿಲ್ಲ. ನಾಯಿಯ ಜೊತೆ ಪೊಟ್ಟಣವೂ ಮೇಲೆ ಬಂತು.

“ಅವನಿಗೆ ಓದೋಕೆ ಬರಲ್ಲವಲ್ಲ ಅಮ್ಮ, ಅದೇ ಅವನ ಅದೃಷ್ಟ” ಎಂದ ಅಂಗಡಿಯವನು.

ಹರಿದ ಮೇಲೆ ಕೊಳ್ಳದೆ ವಿಧಿಯಿಲ್ಲ. ಮನೆಯಲ್ಲಿ ಕಾಳು ಅಳೆದಳು: ಅವರೆಬೀಜಕ್ಕಿಂತ ಚಿಕ್ಕದು, ಸರಿಯಾದ ಅಳತೆ. ಮೂಸಿದಳು, ಒಳ್ಳೆ ವಾಸನೆ. ಬಾಗಿಲು ಹಾಕಿಕೊಂಡು ಒಂದು ಕಾಳು ತಾನೇ ಬಾಯಿಗೆ ಹಾಕಿ ಅಗಿದಳು. ಉಪ್ಪಿಲ್ಲ ಅನ್ನುವುದೊಂದು ಬಿಟ್ಟರೆ ಹೆಸರಿಡುವ ಹಾಗಿರಲಿಲ್ಲ. ಆದರೂ ಮನಸ್ಸು ಒಪ್ಪದು. ಕುರ್ಚಿಯ ಜಾಗದಲ್ಲಿ ನಿಜಕ್ಕೂ ಕುರಿಯೇ ಇದೆಯೆಂದು ಯಾರು ಹೇಳಬೇಕು? ಚೀಟಿಯ ಕೆಳಗೆ ವಿಳಾಸವಿತ್ತು: ‘ಹಳೇ ಬೆಂಕಿಪೊಟ್ಟಣದ ಕಾರ್ಖಾನೆ ಹಿಂಬಾಗ’. ಭ ಇಲ್ಲ. ಎಂಟನೆಯ ತಪ್ಪು. “ಏಳೋ, ಸ್ಕೂಟರ್ ತೆಗಿ. ಹಿಂಭಾಗಕ್ಕೆ ಹೋಗಿ ನೋಡ್ಬೇಕು” ಎಂದು ತಮ್ಮನನ್ನು ಎಬ್ಬಿಸಿದಳು.

ಮುಚ್ಚಿದ ಕಾರ್ಖಾನೆಯ ಹಿಂದೆ ತಗಡಿನ ಸೂರಿನ ಒಂದು ಉದ್ದನೆ ಕೋಣೆ. ಒಳಗೆ ಅತ್ತೆ ಸೊಸೆ ಇಬ್ಬರೇ ದುಡಿಯುತ್ತಿದ್ದರು. ಅತ್ತೆ ಮೂವತ್ತು ವರ್ಷ ಆಸ್ಪತ್ರೆಯ ಅಡಿಗೆಮನೆಯಲ್ಲಿ ರೋಗಿಗಳಿಗೆ ಪಥ್ಯ ಬೇಯಿಸಿದ ಗಟ್ಟಿ ಮುದುಕಿ. ಸೊಸೆ ಬೇಕರಿಯಲ್ಲಿ ಒಲೆ ನೋಡಿಕೊಂಡಿದ್ದವಳು. ನೆಲ ಒರೆಸಿ ಫಳಫಳ ಎನ್ನುತ್ತಿತ್ತು. ಮೇಜಿನ ಮೇಲೆ ಆಗಷ್ಟೇ ಕತ್ತರಿಸಿದ ಕುರಿ ಮಾಂಸ, ಬೇಯಿಸಿ ಕಿವುಚಿದ ಕುಂಬಳಕಾಯಿ, ಜರಡಿ ಹಿಡಿದ ಅಕ್ಕಿ ಹಿಟ್ಟು. ಅಲ್ಪು ಹೊಸಿಲಲ್ಲೇ ಆನಂದಕ್ಕೆ ಮೂರು ಸುತ್ತು ತಿರುಗಿ ಬಿದ್ದಿತು.

ಕೊಂಬಕ್ಕ ಚೀಟಿ ಹಿಡಿದು ನೇರ ವಿಷಯಕ್ಕೆ ಬಂದಳು. “ಇದನ್ನ ಯಾರು ಬರೆದದ್ದು?”

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. “ಅತ್ತೆ ಫೋನಲ್ಲಿ ಹೇಳಿ ಬರೆಸಿದ್ದು ಅಕ್ಕ. ಹೇಳುವಾಗ ಹಲ್ಲಿನ ಸೆಟ್ಟು ನೀರಲ್ಲಿ ಹಾಕಿಟ್ಟಿದ್ರು.”

“ನಾನು ಸರಿಯಾಗೇ ಹೇಳ್ದೆ ಕಣೇ! ಚೀಟಿ ಟೈಪ್ ಮಾಡಿದವನ ಕಿವಿ ಸರಿ ಇರಲಿಲ್ಲ” ಎಂದು ಅತ್ತೆ ಗುಡುಗಿದರು. “ಯಾಕಮ್ಮ, ಏನಿದೆ ಅದರಲ್ಲಿ ಅಂಥದ್ದು?”

ಕೊಂಬಕ್ಕ ಓದಿ ಹೇಳಿದಳು. ನಾಯಿಮರ ಎಂಬಲ್ಲಿಗೆ ಬರುವಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡಿದ್ದರು. ದೇವನಿಲ್ಲದ ಜಾಗ ಎಂದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಮೂಟೆಯ ಮೇಲೆ ಕೂತರು. “ಅದಕ್ಕೇ ಅಷ್ಟು ಜನ ಫೋನ್ ಮಾಡಿ ನಗ್ತಿದ್ರೇನೋ! ನಾನು ಏನೋ ಚೆನ್ನಾಗಿದೆ ಅಂತ ನಗ್ತಾರೆ ಅಂದ್ಕೊಂಡಿದ್ದೆ.”

ಕೊಂಬಕ್ಕ ಮಾತ್ರ ಪಟ್ಟು ಬಿಡಲಿಲ್ಲ. “ನಲವತ್ತು ಅಂತ ಬರೆದಿದ್ದೀರಲ್ಲ, ನನ್ನ ಕಣ್ಣೆದುರು ತೂಗಿ ತೋರಿಸ್ತೀರಾ?” ತಮ್ಮ ಮುಜುಗರದಿಂದ ಅವಳ ತೋಳು ಚಿವುಟಿದ. ಸೊಸೆ ತಕ್ಕಡಿ ಎಳೆದು, ಒಂದು ಸಲದ ಅಡಿಗೆಗೆ ಹೋಗುವುದನ್ನೆಲ್ಲ ಒಂದೊಂದಾಗಿ ತೂಗಿದಳು. ಕೊಂಬಕ್ಕ ಲೆಕ್ಕ ಹಾಕಿದಳು. ತಪ್ಪಿರಬೇಕೆಂದು ಮತ್ತೊಮ್ಮೆ ಹಾಕಿದಳು. ನಲವತ್ತಲ್ಲ, ನಲವತ್ತೆರಡು.

“ನಿಮ್ಮ ಚೀಟೀಲಿ ಎರಡು ಕಮ್ಮಿ ಬರೆದಿದೆ” ಎಂದಳು.

“ಹೌದು. ಒಂದೊಂದು ದಿನ ಮೂಳೆ ಜಾಸ್ತಿ ಬಂದಿರುತ್ತೆ” ಎಂದರು ಅತ್ತೆ. “ಬರೆದದ್ದಕ್ಕಿಂತ ಕಮ್ಮಿ ಆಗಬಾರದಲ್ಲ. ತಿನ್ನೋದು ಬಾಯಿಲ್ಲದ ಜೀವ, ಬಂದು ಕೇಳುತ್ತಾ?”

ಇಪ್ಪತ್ತಾರು ವರ್ಷದಲ್ಲಿ ಕೊಂಬಕ್ಕನ ಕೈಯಿಂದ ಹಾದುಹೋದ ಸಾವಿರಾರು ಲೇಬಲ್ಲುಗಳಲ್ಲಿ, ಇದ್ದದ್ದಕ್ಕಿಂತ ಕಡಿಮೆ ಹೇಳುವ ಒಂದನ್ನು ಕಂಡದ್ದು ಇದೇ ಮೊದಲು. ಅದೂ ಎಂಟು ತಪ್ಪುಗಳ ಸಮೇತ. ಅವಳು ಮೂಟೆಯ ಮೇಲೆ ಅತ್ತೆಯ ಪಕ್ಕದಲ್ಲೇ ಕೂತು, ಕೆಂಪು ಪೆನ್ನು ತೆಗೆದು ಚೀಟಿಯನ್ನು ತಿದ್ದಿದಳು.

ತಿದ್ದಿದ ಚೀಟಿ ಮರುದಿನ ಡಾಕ್ಟರಮ್ಮನ ಮೇಜಿಗೆ ಹೋಯಿತು. ಅವರು ಓದಿ, ಅಲ್ಲಿಂದಲೇ ಸೊಸೆಗೆ ಫೋನ್ ಮಾಡಿ ನಾಲ್ಕಾರು ಪ್ರಶ್ನೆ ಕೇಳಿದರು. “ಒಳ್ಳೇದಿದೆ. ಸ್ವಲ್ಪ ಈಲಿ, ಅಂದ್ರೆ ಕುರಿ ಲಿವರ್, ಸೇರಿಸಲಿ, ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಲಿ, ಅಳತೆ ನಾನು ಬರೆದುಕೊಡ್ತೀನಿ. ಆಗ ಇಂಥ ಪುಟ್ಟ ನಾಯಿಗೆ ಕಣ್ಣು ಮುಚ್ಚಿ ಕೊಡಬಹುದು” ಎಂದರು. ಕೊಂಬಕ್ಕ ಆಸ್ಪತ್ರೆಯ ಬಾಗಿಲಲ್ಲೇ ಅಲ್ಪುವನ್ನು ಎತ್ತಿ ಗಿರಗಿರ ತಿರುಗಿಸಿದಳು. ಕಾಯುತ್ತಿದ್ದ ಒಂದು ಬೆಕ್ಕು ಹೆದರಿ ಬೀರುವಿನ ಮೇಲೆ ಹಾರಿತು.

ಹೊಸ ಲೇಬಲ್ಲು ಅವಳ ಪ್ರೆಸ್ಸಿನಲ್ಲೇ ಅಚ್ಚಾಯಿತು. ಯಜಮಾನರು ನಮೂನೆ ಹಿಡಿದುಕೊಂಡು ಬಂದು, “ಮುಂದೆ ದೊಡ್ಡ ಅಕ್ಷರದಲ್ಲಿ ಏನಾದ್ರೂ ಬೇಕಲ್ಲಮ್ಮ. ಕುರಿಯ ವೈಭವ, ಕುರಿಯ ಸಂಭ್ರಮ, ಅಂಥದ್ದು?” ಎಂದರು.

“ನಾನು ಬರೀಲಾ ಸಾರ್?” ಎಂದಳು ಕೊಂಬಕ್ಕ. ಬೇರೆಯವರ ಮಾತನ್ನು ತಿದ್ದಿದ್ದಳೇ ಹೊರತು, ಅಚ್ಚಾಗುವುದಕ್ಕೆಂದು ಒಂದು ಸಾಲನ್ನೂ ಅವಳು ಬರೆದವಳಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಹನ್ನೊಂದು ಕಾಗದ ಹಾಳು ಮಾಡಿದಳು. ಊಟದ ಹೊತ್ತಿಗೆ ಮುಗಿಸಿದಳು: ‘ಕುರಿ ಮಾಂಸ ಶೇಕಡಾ ನಲವತ್ತು. ಒಮ್ಮೊಮ್ಮೆ ಇನ್ನೂ ಸ್ವಲ್ಪ ಹೆಚ್ಚು. ಚಿಕ್ಕ ಬಾಯಿಗೆ ಚಿಕ್ಕ ಕಾಳು.’

ಯಜಮಾನರು ಎರಡು ಸಲ ಓದಿ, “ಇಷ್ಟು ಸಪ್ಪೆಯಾಗಿದ್ರೆ ಯಾರು ಕೊಳ್ತಾರೆ?” ಎಂದು ತಲೆ ಕೆರೆದುಕೊಂಡರು. ಕೊಂಡರು. ಅಂಗಡಿಯವನು ಕೆಳಗಿನ ಮೂಲೆಯಿಂದ ತೆಗೆದು ಕಣ್ಣಿನ ಮಟ್ಟಕ್ಕೆ ಜೋಡಿಸಿದ. ಎರಡು ತಿಂಗಳಲ್ಲಿ ಅತ್ತೆ ಸೊಸೆ ಪಕ್ಕದ ಕೋಣೆಯನ್ನೂ ಹಿಡಿದು ಇನ್ನೊಂದು ಒಲೆ ಹಾಕಿದರು. ಅಲ್ಪು ಮೂರು ಕಿಲೋ ಐನೂರು ಗ್ರಾಂ ತೂಗಿತು. ಮೈಮೇಲೆ ಬೆಣ್ಣೆ ಸವರಿದಂತೆ ಕೂದಲು ಹೊಳೆಯಿತು. ಬೀದಿಯಲ್ಲಿ ತನ್ನ ನಾಲ್ಕರಷ್ಟಿದ್ದ ನಾಯಿಗಳನ್ನೂ ಕ್ಯಾರೇ ಅನ್ನದೆ ಎದೆಯುಬ್ಬಿಸಿ ನಡೆಯತೊಡಗಿತು.

ಈಗ ಶನಿವಾರ ಪ್ರೆಸ್ಸು ಮುಗಿಸಿ ಕೊಂಬಕ್ಕ ನೇರ ಆ ತಗಡಿನ ಕೋಣೆಗೆ ಹೋಗುತ್ತಾಳೆ. ಜರಡಿ ಹಿಡಿಯುತ್ತಾಳೆ, ಪೊಟ್ಟಣಕ್ಕೆ ಚೀಟಿ ಅಂಟಿಸುತ್ತಾಳೆ, ಅತ್ತೆ ಸೊಸೆಯ ಜಗಳಕ್ಕೆ ನ್ಯಾಯ ಹೇಳುತ್ತಾಳೆ. ಕೆಟ್ಟಿದ್ದ ಹಿಟ್ಟಿನ ಮಷಿನನ್ನು ರಿಪೇರಿ ಮಾಡಲು ಬಂದ ತಮ್ಮ, ಅದು ಸರಿಯಾದ ಮೇಲೂ ಪ್ರತಿ ವಾರ ಬರುವುದನ್ನು ಬಿಟ್ಟಿಲ್ಲ. ಹೋದ ಶನಿವಾರ ಬಾಗಿಲಲ್ಲಿ ಒಬ್ಬ ಹೆಂಗಸು, ತೋಳಿನಲ್ಲಿ ಒಂದು ಬಿಳಿ ಬೆಕ್ಕು, ಸಂಕೋಚದಿಂದ ಇಣುಕಿದಳು.

“ಇಲ್ಲಿ ಬೆಕ್ಕಿಗೇನೂ ಮಾಡಲ್ವಾ?”

ಅತ್ತೆ ಸೊಸೆಯ ಮುಖ ನೋಡಿದರು, ಸೊಸೆ ಕೊಂಬಕ್ಕನ ಮುಖ ನೋಡಿದಳು, ಅಲ್ಪು ಬೆಕ್ಕಿನ ಮುಖ ನೋಡಿ ಮೂಟೆಯ ಹಿಂದೆ ಅವಿತುಕೊಂಡಿತು.

“ಮೀನು ಯಾರು ತರ್ತೀರಿ?” ಎಂದಳು ಕೊಂಬಕ್ಕ, ಆಗಲೇ ಹೊಸ ಹಾಳೆಯೊಂದನ್ನು ಮೊಣಕಾಲ ಮೇಲೆ ಹರಡಿಕೊಳ್ಳುತ್ತಾ.